ಪದವಿಯ ನಂತರ ಗುಪ್ತಚರ ಸೇವೆ

ಪ್ರಶ್ನೆ: ನನ್ನ ಮಗಳು ಈ ವರ್ಷ ಇತಿಹಾಸ ಮತ್ತು ಐಚ್ಛಿಕ ಕನ್ನಡ ಓದಿ ಬಿ.ಎ. ಮುಗಿಸಿದ್ದಾಳೆ. ಕೇಂದ್ರ ಗುಪ್ತಚರ ಇಲಾಖೆಗೇ ಸೇರಬೇಕೆಂದು ಹಟ ಹಿಡಿದಿದ್ದಾಳೆ. ಅದಕ್ಕೆ ಪೊಲೀಸ್ ಅಥವಾ ಸೈನ್ಯದ ಹಿನ್ನೆಲೆ ಬೇಕು ಎನ್ನುತ್ತಾರೆ ನಮ್ಮ ನೆಂಟರು. ಸಾಮಾನ್ಯ ಪದವೀಧರೆಯೊಬ್ಬಳು ಅಲ್ಲಿ ನಿವೃತ್ತಿಯವರೆಗೆ ದುಡಿದು ಮೇಲೆ ಬರಬಹುದೇ?
– ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ಖಂಡಿತ ಬರಬಹುದು. ನೆಂಟರ ಮಾತು ಒಂದು ಕಾಲಕ್ಕೆ ಬಹುಮಟ್ಟಿಗೆ ನಿಜವಾಗಿತ್ತು. ಭಾರತದ ವಿದೇಶಿ ಗುಪ್ತಚರ ಸಂಸ್ಥೆಯಾದ ‘ರಾ’ದ ಮೊದಲ ಮುಖ್ಯಸ್ಥರಾದ ರಾಮೇಶ್ವರನಾಥ ಕಾವ್ ಅವರೂ ಪೊಲೀಸ್ ಸೇವೆಯ ಮೂಲಕವೇ ಬಂದವರು. ಆದರೆ ಅದಕ್ಕೂ ಮೊದಲು ಅವರು ಲಖನೌದಲ್ಲಿ ಬಿ.ಎ. ಮಾಡಿ, ಅಲಹಾಬಾದಿನಲ್ಲಿ ಇಂಗ್ಲಿಷ್ ಸಾಹಿತ್ಯದ ಎಂ.ಎ. ಓದಿದ್ದ ವಿದ್ಯಾರ್ಥಿ ಎಂಬುದನ್ನು ನಿಮ್ಮ ಮಗಳು ಗಮನಿಸಬೇಕು. 1940ರಲ್ಲಿ ಪೊಲೀಸ್ ಅಧಿಕಾರಿಯಾದ ಅವರು 1947ರಲ್ಲಿ ಗುಪ್ತಚರ ಇಲಾಖೆಗೆ, ಅಂದರೆ ಐ.ಬಿ.ಗೆ, ಬಂದರು.

1955ರ ಏಪ್ರಿಲ್‌ನಲ್ಲಿ, ಇಂಡೊನೇಷ್ಯಾದಲ್ಲಿ ಏಷ್ಯಾ-ಆಫ್ರಿಕಾ ದೇಶಗಳು ಸೇರಿದ ಬಾಂಡುಂಗ್ ಸಮ್ಮೇಳನಕ್ಕೆ ಚೀನೀ ಪ್ರತಿನಿಧಿಗಳನ್ನು ಕರೆದೊಯ್ಯುತ್ತಿದ್ದ ಏರ್ ಇಂಡಿಯಾದ ‘ಕಾಶ್ಮೀರ್ ಪ್ರಿನ್ಸೆಸ್’ ವಿಮಾನ ಸ್ಫೋಟಗೊಂಡು ಸಮುದ್ರಕ್ಕೆ ಬಿತ್ತು. ಅದರಲ್ಲಿದ್ದ 19 ಮಂದಿಯಲ್ಲಿ 16 ಮಂದಿ ಸತ್ತರು. ಅದೇ ವಿಮಾನದಲ್ಲಿ ಹೊರಡಬೇಕಿದ್ದ ಚೀನಾದ ಪ್ರಧಾನಿ ಚೌ ಎನ್‌ಲೈ ಕೊನೆಗಳಿಗೆಯಲ್ಲಿ ಪ್ರಯಾಣ ಬದಲಿಸಿದ್ದರು. ಭಾರತದ ಪರವಾಗಿ ತನಿಖೆಗೆ ಹೋದವರು ಆಗಿನ್ನೂ 37 ತುಂಬಿರದ ಕಾವ್. ಹಾಂಗ್‌ಕಾಂಗ್‌ನ ವಿಮಾನ ನಿಲ್ದಾಣದಲ್ಲಿ ಕೆಲಸಗಾರನೊಬ್ಬ ಟೈಂಬಾಂಬ್ ಇಟ್ಟಿದ್ದ ಎಂಬುದು ತನಿಖೆಗಳಿಂದ ಹೊರಬಂತು. ಒಂದೇ ಸಂಗತಿಯನ್ನು ಬೇರೆ ಬೇರೆ ಸರಕಾರಗಳು ತಂತಮ್ಮ ಹಿತಕ್ಕೆ ತಕ್ಕಂತೆ ಹೇಳುವಾಗ, ಅವುಗಳ ನಡುವೆ ಕುಳಿತು ಸಾಕ್ಷ್ಯವನ್ನಷ್ಟೇ ತೂಗಿ ನೋಡುವ ಸಹನೆ ಇಂಥ ಕೆಲಸಕ್ಕೆ ಬೇಕು. ಇತಿಹಾಸವನ್ನು ಶ್ರದ್ಧೆಯಿಂದ ಓದಿದವರಿಗೆ ಆ ಸಹನೆ ಹೊಸದಲ್ಲ ಎಂದು ನಾನು ನಂಬುತ್ತೇನೆ. ಮುಂದೆ ಘಾನಾ ದೇಶಕ್ಕೆ ಗುಪ್ತಚರ ಸಂಸ್ಥೆ ಕಟ್ಟಿಕೊಡಲು ನೆರವಾದ ಕಾವ್, 1968ರಲ್ಲಿ ‘ರಾ’ ಸ್ಥಾಪನೆಯಾದಾಗಿನಿಂದ 1977ರವರೆಗೆ ಅದನ್ನು ನಡೆಸಿದರು.

ಇಂದು ಐ.ಬಿ. ಸೇರಲು ಯಾವುದೇ ವಿಷಯದ ಪದವಿ ಸಾಕು. ಸಹಾಯಕ ಕೇಂದ್ರ ಗುಪ್ತಚರ ಅಧಿಕಾರಿ, ಗ್ರೇಡ್-2 ಹುದ್ದೆಗೆ ಕೇಂದ್ರ ಗೃಹ ಸಚಿವಾಲಯ ಅರ್ಜಿ ಕರೆಯುತ್ತದೆ. ವಯಸ್ಸು 18ರಿಂದ 27ರ ಒಳಗಿರಬೇಕು; ಮೀಸಲಾತಿ ವರ್ಗಗಳಿಗೆ ಸಡಿಲಿಕೆ ಇದೆ. ವಸ್ತುನಿಷ್ಠ ಪರೀಕ್ಷೆ, ವಿವರಣಾತ್ಮಕ ಪತ್ರಿಕೆ, ಸಂದರ್ಶನ ಹೀಗೆ ಮೂರು ಹಂತಗಳು. ಮೂಲ ವೇತನ 44,900 ರೂಪಾಯಿಯಿಂದ ಆರಂಭವಾಗುತ್ತದೆ, ಅದರ ಶೇ. 20ರಷ್ಟು ವಿಶೇಷ ಭದ್ರತಾ ಭತ್ಯೆಯೂ ಸಿಗುತ್ತದೆ. ಬಹುಪಾಲು ಅಭ್ಯರ್ಥಿಗಳು ವಸ್ತುನಿಷ್ಠ ಪರೀಕ್ಷೆಗೇ ವರ್ಷಗಟ್ಟಲೆ ತಯಾರಾಗಿ, ಇಂಗ್ಲಿಷಿನಲ್ಲಿ ಪ್ರಬಂಧ ಬರೆಯುವುದನ್ನು ಕಡೆಗಣಿಸುತ್ತಾರೆ. ಅದು ದೊಡ್ಡ ತಪ್ಪು. ಕಂಡದ್ದು ಯಾವುದು, ಕೇಳಿದ್ದು ಯಾವುದು, ಊಹೆ ಯಾವುದು ಎಂದು ಬೇರ್ಪಡಿಸಿ ಚಿಕ್ಕದಾಗಿ ವರದಿ ಬರೆಯುವುದೇ ಈ ವೃತ್ತಿಯ ದಿನನಿತ್ಯದ ದುಡಿಮೆ.

ತಾಯಿಯಾಗಿ ನೀವು ಯೋಚಿಸಬೇಕಾದದ್ದು ಬೇರೆಯೇ ಇದೆ. ದೇಶದ ಯಾವ ಮೂಲೆಗಾದರೂ ವರ್ಗವಾಗಬಹುದು. 1985ರ ಕಾಯ್ದೆಯೊಂದರ ಪ್ರಕಾರ ಈ ನೌಕರರಿಗೆ ಸಂಘ ಕಟ್ಟುವ, ಪತ್ರಿಕೆಗಳೊಂದಿಗೆ ಇಲಾಖೆಯ ವಿಷಯ ಮಾತನಾಡುವ ಸ್ವಾತಂತ್ರ್ಯಕ್ಕೆ ನಿರ್ಬಂಧವಿದೆ. 2021ರ ಪಿಂಚಣಿ ನಿಯಮದಂತೆ ನಿವೃತ್ತಿಯ ನಂತರವೂ ಇಲಾಖೆಗೆ ಸಂಬಂಧಿಸಿದ್ದನ್ನು ಪ್ರಕಟಿಸಲು ಪೂರ್ವಾನುಮತಿ ಬೇಕು. ಮಗಳು ಸಂಜೆ ಮನೆಗೆ ಬಂದಾಗ ‘ಇವತ್ತು ಏನು ಮಾಡಿದೆ?’ ಎಂಬ ನಿಮ್ಮ ಪ್ರಶ್ನೆಗೂ ಉತ್ತರ ಸಿಗದಿರಬಹುದು. ಆ ಮೌನ ನಿಮ್ಮ ಮೇಲಿನ ಅಪನಂಬಿಕೆಯಲ್ಲ ಎಂಬುದನ್ನು ನೀವಿಬ್ಬರೂ ಈಗಲೇ ಕುಳಿತು ಮಾತನಾಡಿಕೊಳ್ಳಿ. ಅರ್ಜಿಯನ್ನು ಆಮೇಲೆ ತುಂಬಲಿ.