ಸೀಸೆಯ ಕ್ಲಾಡಿನ್‌ನಿಂದ ಕೋಶಗಳ ತಡೆಗೋಡೆ ಬಿಗಿಯಾದೀತೇ?

ಪ್ರಶ್ನೆ: ನಮ್ಮ ಪ್ರಯೋಗಾಲಯಕ್ಕೆ ಮಾನವ ಕ್ಲಾಡಿನ್-4ರ (ಕೋಶಗಳ ನಡುವಿನ ಸಂದನ್ನು ಮುಚ್ಚುವ ಪ್ರೋಟೀನ್) ರೀಕಾಂಬಿನೆಂಟ್, ಅಂದರೆ ಜೀನ್ ಸೇರಿಸಿ ತಯಾರಿಸಿದ, ಪ್ರೋಟೀನ್ ತರಿಸಿದ್ದೇವೆ. ಪೂರ್ಣ ಉದ್ದದ್ದು, ಸಿ-ತುದಿಗೆ (ಪ್ರೋಟೀನ್ ಸರಪಳಿಯ ಕೊನೆಗೆ) ಹಿಸ್ ಟ್ಯಾಗ್, ಅಂದರೆ ಶುದ್ಧೀಕರಣಕ್ಕೆಂದು ಅಂಟಿಸುವ ಹಿಸ್ಟಿಡಿನ್‌ಗಳ ಸಣ್ಣ ಬಾಲ ಇದೆ, ಡಿಟರ್ಜೆಂಟ್ ದ್ರಾವಣದಲ್ಲಿದೆ. 95 ಡಿಗ್ರಿಯಲ್ಲಿ ಐದು ನಿಮಿಷ ಕುದಿಸಿ, ಪ್ರೋಟೀನ್‌ಗಳನ್ನು ಗಾತ್ರದಂತೆ ಬೇರ್ಪಡಿಸುವ ಜೆಲ್ ಓಡಿಸಿದರೆ ಅದರ ತೂಕವಾದ 22 ಕಿಲೋಡಾಲ್ಟನ್ ಆಸುಪಾಸಿನಲ್ಲಿ ಏನೂ ಕಾಣುವುದಿಲ್ಲ. ಎಲ್ಲವೂ ಜೆಲ್‌ನ ಗುಳಿಯ ಬಾಯಲ್ಲೇ ಮೆತ್ತಿಕೊಂಡಿದೆ. ಬಂದ ಮಾಲೇ ಕೆಟ್ಟದ್ದೇ? ಇದನ್ನೇ ಕರುಳಿನ ಕ್ಯಾಕೋ-2 ಕೋಶಗಳ ಮಾಧ್ಯಮಕ್ಕೆ ಬೆರೆಸಿದರೆ ಟೈಟ್ ಜಂಕ್ಷನ್ (ಕೋಶಗಳ ನಡುವಿನ ಬೆಸುಗೆ) ಬಿಗಿಯಾಗಬಹುದೇ?
– ಸಂಶೋಧನಾ ವಿದ್ಯಾರ್ಥಿ

ಉತ್ತರ: ಮಾಲನ್ನು ದೂರುವ ಮೊದಲು ಕುದಿಸುವುದನ್ನು ನಿಲ್ಲಿಸಿ ನೋಡಿ. ಕ್ಲಾಡಿನ್ ಕೋಶದ ಪೊರೆಯನ್ನು ನಾಲ್ಕು ಬಾರಿ ಹಾದುಹೋಗುವ ಪ್ರೋಟೀನ್. ಅದರ ಮೈಯ ಬಹುಭಾಗಕ್ಕೆ ನೀರೆಂದರೆ ಆಗದು. ಕುದಿಸಿದಾಗ ಆ ಭಾಗಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ, ಗಂಟು ಜೆಲ್‌ನೊಳಗೆ ಇಳಿಯುವುದಿಲ್ಲ. ಮಾದರಿಯನ್ನು ಎಸ್‌ಡಿಎಸ್ (ಪ್ರೋಟೀನಿಗೆ ಅಂಟಿ ಅದನ್ನು ಜೆಲ್‌ನಲ್ಲಿ ಓಡುವಂತೆ ಮಾಡುವ ಡಿಟರ್ಜೆಂಟ್) ಬಫರ್‌ನಲ್ಲಿ 37 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು ಓಡಿಸಿ. ಪಟ್ಟಿ 22ಕ್ಕಿಂತ ತುಸು ಕೆಳಗೆ ಕಂಡರೆ ಗಾಬರಿ ಬೇಡ. ಪೊರೆಯ ಪ್ರೋಟೀನ್‌ಗಳು ಹೆಚ್ಚು ಎಸ್‌ಡಿಎಸ್ ಹೊತ್ತು ಬೇಗ ಓಡುವುದುಂಟು. 44ರ ಹತ್ತಿರ ಇನ್ನೊಂದು ಪಟ್ಟಿ ಕಂಡರೆ ಅದು ಬಹುಶಃ ಜೋಡಿಯಾದ ಕ್ಲಾಡಿನ್.

ಹಾಗೆ ಮಾಡಿದರೂ ಗಂಟು ಉಳಿದರೆ, ಪ್ರೋಟೀನನ್ನು ಯಾವುದರಲ್ಲಿ ತೆಳುಮಾಡಿದಿರಿ ಎಂದು ನೆನಪಿಸಿಕೊಳ್ಳಿ. ಎಷ್ಟೋ ಸೀಸೆಗಳು ಹಾಳಾಗುವುದು ಬರೀ ಪಿಬಿಎಸ್ (ಡಿಟರ್ಜೆಂಟ್ ಇಲ್ಲದ ಉಪ್ಪಿನ ಬಫರ್) ಸುರಿದ ಆ ಒಂದು ಕ್ಷಣದಲ್ಲಿ. ಸೀಸೆಯಲ್ಲಿರುವ ಡಿಟರ್ಜೆಂಟ್ ಡಿಡಿಎಂ ಎಂಬುದಾಗಿದ್ದರೆ ಅದರ ಪ್ರಮಾಣ ಶೇ 0.009ರ ಆಸುಪಾಸಿನ ಮಿತಿಗಿಂತ ಕೆಳಗಿಳಿಯಬಾರದು. ಇಳಿದರೆ ಮೈಸೆಲ್‌ಗಳು (ಡಿಟರ್ಜೆಂಟ್ ಅಣುಗಳ ಪುಟ್ಟ ಗುಂಪುಗಳು) ಒಡೆದು ಪ್ರೋಟೀನ್ ಆಸರೆ ತಪ್ಪಿ ತಳಕ್ಕೆ ಕೂರುತ್ತದೆ. ತೆಳುಮಾಡುವ ಬಫರ್‌ನಲ್ಲೂ ಡಿಟರ್ಜೆಂಟ್ ಇರಲಿ. ಸಣ್ಣ ಪಾಲುಗಳಾಗಿ ಹಂಚಿ ಮೈನಸ್ 80ರಲ್ಲಿಡಿ, ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ.

ಎರಡನೆಯ ಪ್ರಶ್ನೆಗೆ ಉತ್ತರ: ಆಗದು, ಬೆರೆಸುವುದು ಬೇಡ. ಕ್ಲಾಡಿನ್ ತಯಾರಾಗುತ್ತಿರುವಾಗಲೇ ಕೋಶದೊಳಗಿನ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂನ ಪೊರೆಗೆ ಹೆಣೆದುಕೊಳ್ಳುತ್ತದೆ, ಅಲ್ಲಿಂದ ಮೇಲ್ಮೈಗೆ ಬಂದು ಪಕ್ಕದ ಕ್ಲಾಡಿನ್‌ಗಳೊಡನೆ ಎಳೆಯಾಗಿ ಸೇರಿ, ನೆರೆಯ ಕೋಶದ ಕ್ಲಾಡಿನ್‌ಗೆ ಎದುರಾಗಿ ನಿಲ್ಲುತ್ತದೆ. ಅದರ ಎರಡು ತುದಿಗಳೂ ಇರುವುದು ಕೋಶದೊಳಗೆ. ಹೊರಗಿನಿಂದ ಸುರಿದ ಪ್ರೋಟೀನ್‌ಗೆ ಈ ದಾರಿಯೇ ಇಲ್ಲ. ಜೊತೆಗೆ ಹೋಗುವ ಡಿಟರ್ಜೆಂಟ್ ಮಾತ್ರ ತನ್ನ ಕೆಲಸ ಬಿಡುವುದಿಲ್ಲ: ಕೋಶದ ಪೊರೆಯನ್ನೇ ಕರಗಿಸಿ, ತಡೆಗೋಡೆಯ ಬಿಗಿತ ತಿಳಿಯಲು ನೀವು ಅಳೆಯುವ ವಿದ್ಯುತ್ ರೋಧವನ್ನು ಕುಸಿಯುವಂತೆ ಮಾಡುತ್ತದೆ. ಆಗ 'ಕ್ಲಾಡಿನ್ ತಡೆಗೋಡೆಯನ್ನು ಸಡಿಲಿಸುತ್ತದೆ' ಎಂಬ ತಪ್ಪು ತೀರ್ಮಾನ ನಿಮ್ಮ ಪುಸ್ತಕದಲ್ಲಿ ಬರೆದುಕೊಂಡಿರುತ್ತದೆ!

1998ರಲ್ಲಿ ಜಪಾನಿನ ಮಿಕಿಯೊ ಫುರುಸೆ, ಶೊಇಚಿರೊ ತ್ಸುಕಿತಾ ಮತ್ತು ಸಂಗಡಿಗರು ಟೈಟ್ ಜಂಕ್ಷನ್ನೇ ಇಲ್ಲದ ಫೈಬ್ರೋಬ್ಲಾಸ್ಟ್ (ಸಂಯೋಜಕ ಅಂಗಾಂಶದ) ಕೋಶಗಳಲ್ಲಿ ಕ್ಲಾಡಿನ್ ಎಳೆಗಳನ್ನು ಮೂಡಿಸಿದ್ದು ಅದರ ಡಿಎನ್‌ಎಯನ್ನು ಒಳಗಿಟ್ಟು. ನೀವೂ ಪ್ಲಾಸ್ಮಿಡ್ (ಜೀನನ್ನು ಕೋಶದೊಳಗೆ ಒಯ್ಯುವ ಡಿಎನ್‌ಎ ಉಂಗುರ) ದಾರಿಯನ್ನೇ ಹಿಡಿಯಿರಿ. ಆದರೆ ಯಾವ ಕ್ಲಾಡಿನ್ ಎಂಬುದನ್ನು ನೋಡಿಕೊಳ್ಳಿ. ಕ್ಲಾಡಿನ್-2 ಸೋಡಿಯಂನಂತಹ ಧನ ಅಯಾನುಗಳಿಗೆ ಕಾಲುವೆ ತೆರೆಯುತ್ತದೆ. ನಾಯಿಯ ಮೂತ್ರಪಿಂಡದಿಂದ ಬಂದ, ಬಿಗಿಯಾದ ಎಂಡಿಸಿಕೆ ಕೋಶಗಳಲ್ಲಿ ಅದನ್ನು ಹೆಚ್ಚಿಸಿದರೆ ರೋಧ ಇಳಿಯುತ್ತದೆ.

ಸೀಸೆ ವ್ಯರ್ಥವೇನಲ್ಲ. ಆಂಟಿಬಾಡಿಯಿಂದ ಪ್ರೋಟೀನ್ ಗುರುತಿಸುವ ವೆಸ್ಟರ್ನ್ ಬ್ಲಾಟ್‌ನಲ್ಲಿ ಅಳತೆಗೋಲಾಗಿ, ಆಂಟಿಬಾಡಿಯ ಪರೀಕ್ಷೆಗೆ ಚೆನ್ನಾಗಿ ಒದಗುತ್ತದೆ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಬ್ಯಾಕ್ಟೀರಿಯಾದ ಎಂಟರೋಟಾಕ್ಸಿನ್ ಎಂಬ ವಿಷ ಕ್ಲಾಡಿನ್-4ನ್ನೇ ಹಿಡಿದುಕೊಳ್ಳುವುದರಿಂದ, ಪ್ರೋಟೀನಿನ ಹೊರಕುಣಿಕೆಗಳು ಸರಿಯಾಗಿ ಮಡಚಿಕೊಂಡಿವೆಯೇ ಎಂದು ತಿಳಿಯಲು ಆ ವಿಷದ ಸಿ-ತುದಿಯ ತುಣುಕನ್ನು ಬಳಸಬಹುದು. ಇಡೀ ವಿಷ ಬೇಕಿಲ್ಲ.

ಟೈಟ್ ಜಂಕ್ಷನ್‌ನ ಒಳಬದಿಯ ಪ್ರೋಟೀನ್ ಆದ ಜೆಡ್‌ಒ-1 ಜೊತೆಗಿನ ಬಂಧ ನೋಡುವ ಯೋಚನೆಯಿದ್ದರೆ ಮಾತ್ರ ಈ ಸೀಸೆ ಬೇಡ. ಕ್ಲಾಡಿನ್ ಜೆಡ್‌ಒ-1ರ ಪಿಡಿಜೆಡ್ ಭಾಗಕ್ಕೆ ಅಂಟುವುದು ತನ್ನ ಸಿ-ತುದಿಯ ಕಟ್ಟಕಡೆಯ ಟೈರೊಸಿನ್, ವ್ಯಾಲಿನ್ ಅಮೈನೋ ಆಮ್ಲಗಳ ಮೂಲಕ. ನಿಮ್ಮ ಹಿಸ್ ಟ್ಯಾಗ್ ಕೂತಿರುವುದು ಸರಿಯಾಗಿ ಅವುಗಳ ಮೇಲೆಯೇ. ಎನ್-ತುದಿಗೆ (ಸರಪಳಿಯ ಆರಂಭಕ್ಕೆ) ಟ್ಯಾಗ್ ಇರುವುದನ್ನು ತರಿಸಿ.