ಬಸವನಹುಳು ಅರೆದು ಗಾಯಕ್ಕೆ ಹಚ್ಚಬಹುದೇ?

ಸೂಳೆಕೆರೆ ಆಸುಪಾಸಿನ 58 ವರ್ಷದ ಓದುಗರೊಬ್ಬರ ಪತ್ರ: ‘ಕೆರೆಯ ಬಸವನಹುಳು, ಕಪ್ಪೆಚಿಪ್ಪಿನ ರಸ ರೋಗಾಣು ಕೊಲ್ಲುತ್ತದೆಂದು ವಾಟ್ಸ್‌ಆ್ಯಪ್‌ನಲ್ಲಿ ಓದಿದೆ. ನಮ್ಮಜ್ಜಿಯೂ ನೆಗಡಿಗೆ ಏಡಿ ಸಾರು ಕೊಡುತ್ತಿದ್ದಳು. ನನ್ನ ಕಾಲಿನ ಗಾಯ ತಿಂಗಳಾದರೂ ಒಣಗಿಲ್ಲ. ಹುಳು ಅರೆದು ಹಚ್ಚಲೇ?’

ಸಂಪಾದಕರ ಉತ್ತರ:

ಹಚ್ಚಬೇಡಿ. ಆದರೆ ನೀವು ಓದಿದ್ದು ಪೂರ್ತಿ ಸುಳ್ಳೂ ಅಲ್ಲ, ಅದಕ್ಕೇ ಇಷ್ಟುದ್ದದ ಉತ್ತರ.

ಹಗಲೂ ರಾತ್ರಿ ಕೆಸರಿನ ಬ್ಯಾಕ್ಟೀರಿಯಾಗಳ ನಡುವೆಯೇ ಬದುಕುವ ಈ ಜೀವಿಗಳಿಗೆ ನಮ್ಮ ಹಾಗೆ ಪ್ರತಿಕಾಯ (ರೋಗಾಣುವನ್ನು ಗುರುತಿಸಿ ಹಿಡಿಯುವ ಪ್ರೋಟೀನ್) ತಯಾರಿಸಲು ಬರುವುದಿಲ್ಲ. ಅದರ ಬದಲು ಅವುಗಳ ಮೈಯಲ್ಲಿ ಪುಟ್ಟ ಪೆಪ್ಟೈಡ್‌ಗಳಿವೆ, ಅಂದರೆ ಪ್ರೋಟೀನಿನ ಮರಿಗಳಂಥ ಅಣುಗಳು. ಹಲವು ಪೆಪ್ಟೈಡ್‌ಗಳು ಬ್ಯಾಕ್ಟೀರಿಯಾದ ಪೊರೆಗೆ ಅಂಟಿ ಅದನ್ನು ತೂತು ಮಾಡುತ್ತವೆ. ಬಾತುಕೋಳಿಯ ಮೂಗಿನೊಳಗೆ ಸೇರಿ ರಕ್ತ ಹೀರುವ ಒಂದು ಜಿಗಣೆಯಲ್ಲಿ ‘ಥೆರೊಮ್ಯಾಸಿನ್’ ಎಂಬ ಇಂಥ ಪೆಪ್ಟೈಡ್ ಇರುವುದನ್ನು ವಿಜ್ಞಾನಿಗಳು 2004ರಲ್ಲಿ ವಿವರಿಸಿದರು. ತಮಾಷೆಯೆಂದರೆ, ಔಷಧಕ್ಕೆ ಬಳಸುವ ಜಿಗಣೆಯ ಹೊಟ್ಟೆಯಲ್ಲೇ ಏರೊಮೊನಾಸ್ ಬ್ಯಾಕ್ಟೀರಿಯಾ ಮನೆ ಮಾಡಿಕೊಂಡಿದೆ. ತುಂಡಾದ ಬೆರಳನ್ನು ಹೊಲಿದು, ಅಲ್ಲಿ ಕಟ್ಟಿಕೊಂಡ ರಕ್ತ ಹೀರಲು ಜಿಗಣೆ ಬಿಡುವ ವೈದ್ಯರು ಜೊತೆಗೆ ಆ್ಯಂಟಿಬಯಾಟಿಕ್ ಕೊಡುವುದು ಇದಕ್ಕೇ.

ಇನ್ನು ‘ಕೊಲ್ಲುತ್ತದೆ’ ಎಂಬ ಮಾತು ಎಲ್ಲಿ ಹುಟ್ಟುತ್ತದೆ ನೋಡಿ. ಅಂಗೈಯಗಲದ ತಟ್ಟೆಯಲ್ಲಿ ಅಗರ್ ಎಂಬ ಜೆಲ್ಲಿ ಹೆಪ್ಪುಗಟ್ಟಿಸಿ, ಮೇಲೆ ಬ್ಯಾಕ್ಟೀರಿಯಾ ಸವರಿ, ಸಣ್ಣ ಗುಳಿ ತೋಡಿ ರಸ ಬಿಡುತ್ತಾರೆ. 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ದಿನ ಇಟ್ಟರೆ, ರಸಕ್ಕೆ ಕಸುವಿದ್ದಲ್ಲಿ, ಗುಳಿಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ತಿಳಿಯಾದ ಉಂಗುರ. ಅದನ್ನು ಮಿಲಿಮೀಟರ್‌ನಲ್ಲಿ ಅಳೆಯುತ್ತಾರೆ. ಆದರೆ ರಸ ತೆಗೆಯಲು ಎಷ್ಟೋ ಸಲ ಮೆಥನಾಲ್ ಎಂಬ ಆಲ್ಕೋಹಾಲ್ ಬಳಸಿರುತ್ತಾರೆ, ಅದೇ ಬ್ಯಾಕ್ಟೀರಿಯಾಕ್ಕೆ ವಿಷ. ಪಕ್ಕದ ಗುಳಿಗೆ ಬರೀ ಮೆಥನಾಲ್ ಬಿಟ್ಟು ಹೋಲಿಸದಿದ್ದರೆ ಉಂಗುರ ಯಾರದ್ದು? ಉಂಗುರ ದೊಡ್ಡದಾದರೆ ಮದ್ದು ಬಲವಾದದ್ದು ಎಂದೂ ಅಲ್ಲ. ಅಗರ್‌ನಲ್ಲಿ ಸಲೀಸಾಗಿ ಹರಡುವ ವಸ್ತು ದೊಡ್ಡ ಉಂಗುರ ಬಿಡಬಲ್ಲದು. ಫಿನಾಯಿಲ್ ಹಾಕಿದರೂ ಉಂಗುರ ಬರುತ್ತದೆ ಸ್ವಾಮಿ! ಬ್ಯಾಕ್ಟೀರಿಯಾದ ಪೊರೆ ಹರಿಯುವ ಕೆಲವು ಪೆಪ್ಟೈಡ್‌ಗಳು ನಮ್ಮ ಕೆಂಪು ರಕ್ತಕಣವನ್ನೂ ಒಡೆಯುತ್ತವೆ. ತಟ್ಟೆಯಲ್ಲಿ ಆ ರಕ್ತಕಣ ಇರುವುದೇ ಇಲ್ಲ.

ಅಜ್ಜಿಯ ಏಡಿ ಸಾರಿನ ತಂಟೆಗೆ ನಾನು ಬರುವುದಿಲ್ಲ. ಮೆಣಸು, ಬೆಳ್ಳುಳ್ಳಿ ಹಾಕಿ ಕುದಿಸಿದ್ದು ಗಂಟಲಿಗೆ ಹಿತ. ಅರೆಬೆಂದ ಏಡಿ ಮಾತ್ರ ಬೇಡ, ಶ್ವಾಸಕೋಶಕ್ಕೆ ಸೇರುವ ಪರೋಪಜೀವಿ ಹುಳು ಅದರಲ್ಲಿರಬಹುದು.

ನಿಮ್ಮ ಗಾಯದ ವಿಷಯ. ಅರೆದ ಹುಳುವಿನಲ್ಲಿ ಪೆಪ್ಟೈಡ್ ಇದ್ದರೂ ಎಳ್ಳಷ್ಟು, ಕೆಸರಿನ ಬ್ಯಾಕ್ಟೀರಿಯಾ ಬೇಕಾದಷ್ಟು. ಕಪ್ಪೆಚಿಪ್ಪಂತೂ ನೀರು ಸೋಸಿ ತಿನ್ನುವ ಪ್ರಾಣಿ; ಭತ್ತದ ಗದ್ದೆಯಿಂದ ಹರಿದುಬಂದ ಕೀಟನಾಶಕವೂ ಅದರ ಮೈ ಸೇರುತ್ತದೆ. ನನಗೆ ಚಿಂತೆ ಹುಳುವಿನದ್ದಲ್ಲ, ನಿಮ್ಮ ವಯಸ್ಸು ಮತ್ತು ಆ ಒಂದು ತಿಂಗಳು. ನಾಳೆಯೇ ಚನ್ನಗಿರಿಗೆ ಹೋಗಿ ಗಾಯ ತೋರಿಸಿ, ಸಕ್ಕರೆ ಕಾಯಿಲೆಯ ಪರೀಕ್ಷೆ ಮಾಡಿಸಿ.