ಕಾರಿನ ರೂಪವನ್ನು ನೋಡದೆ ಕೊಳ್ಳಬೇಡಿ

ಕಾರಾಗಿ ಮಾರ್ಪಡುವ ಹಳೆಯ ರೋಬೋಟ್ ಬೊಂಬೆಯೊಂದರ ಬಗ್ಗೆ ಕೇಳಿದ್ದೀರಿ. ರೋಬೋಟ್ ರೂಪದ ಫೋಟೋ ನೋಡಿ ಕೊಳ್ಳಬಹುದೇ ಎಂಬುದು ನಿಮ್ಮ ಪ್ರಶ್ನೆ. ಅಷ್ಟನ್ನೇ ನೆಚ್ಚಿಕೊಳ್ಳಬೇಡಿ. ಇವುಗಳ ಬಂಡವಾಳ ಬಯಲಾಗುವುದು ಕಾರಿನ ರೂಪದಲ್ಲಿ. ಬಾನೆಟ್, ಬಾಗಿಲು, ಚಾವಣಿ ಸೇರುವ ಕಡೆ ಸಂದುಗಳು ಒಂದೇ ಸಮನಾಗಿವೆಯೇ ನೋಡಿ. ಒಂದು ಮೂಲೆ ಒತ್ತಿದಾಗ ಇನ್ನೊಂದು ಮೇಲೆದ್ದರೆ ಒಳಗೆ ಕೈಯೋ ಕಾಲೋ ಸರಿಯಾಗಿ ಮಡಚಿಕೊಂಡಿಲ್ಲ, ಇಲ್ಲವೇ ಸಿಕ್ಕಿಸುವ ಗೂಟ ಸವೆದಿದೆ. ನಾಲ್ಕು ಚಕ್ರಗಳೂ ನೆಲ ಮುಟ್ಟದ ಕಾರು ನನ್ನ ಲೆಕ್ಕದಲ್ಲಿ ಕಾರೇ ಅಲ್ಲ.

ಆಮೇಲೆ ಕೀಲುಗಳು. ಗುಳಿಯೊಳಗೆ ಗುಂಡು ತಿರುಗುವ ಗುಂಡುಕೀಲು ಸಡಿಲವಾಗಿದ್ದರೆ ಚಿಂತೆಯಿಲ್ಲ, ಅಕ್ರಿಲಿಕ್ ಫ್ಲೋರ್ ಪಾಲಿಶ್ ತೆಳುವಾಗಿ ಹಚ್ಚಿ ಪೂರ್ತಿ ಒಣಗಿಸಿದರೆ ಬಿಗಿಯಾಗುತ್ತದೆ. ಭಯಪಡಬೇಕಾದ್ದು ಪಾರದರ್ಶಕ ಪ್ಲಾಸ್ಟಿಕ್ಕಿಗೆ. ಕಾರಿನ ಗಾಜಿನಂತೆ ಕಾಣುವ ಈ ಪ್ಲಾಸ್ಟಿಕ್ ಭಾಗದೊಳಗೆ ಲೋಹದ ಪಿನ್ ಹಾದುಹೋಗಿದ್ದರೆ ಅದರ ಸುತ್ತ ಕೂದಲೆಳೆಯಂಥ ಬಿಳಿ ಗೆರೆ ಇದೆಯೇ ಎಂದು ಹತ್ತಿರದಿಂದ ನೋಡಿ. ಇದ್ದರೆ ಮುಂದಿನ ತಿರುವಿಗೇ ಅದು ಸೀಳಬಹುದು. ಇನ್ನು 1980ರ ದಶಕದ ಕೊನೆಯ ಹಾಗೂ 1990ರ ದಶಕದ ಕೆಲವು ಬೊಂಬೆಗಳಲ್ಲಿ ಬಳಸಿದ, ಚಿನ್ನದ ಬಣ್ಣದ ಮಿನುಗು ಬೆರೆಸಿದ ಪ್ಲಾಸ್ಟಿಕ್ ಮುಟ್ಟಿದರೆ ಪುಡಿಯಾಗುವಷ್ಟು ಪೆಡಸಾಗುತ್ತದೆ. ಅಂಥದ್ದನ್ನು ಬಿಟ್ಟುಬಿಡಿ.

ಒಂದು ಮಾತು: 1984ರಲ್ಲಿ ಅಮೆರಿಕದ ಬೊಂಬೆ ಕಂಪನಿ ಹ್ಯಾಸ್ಬ್ರೋ ತಂದ ಮೊದಲ ಟ್ರಾನ್ಸ್‌ಫಾರ್ಮರ್ಸ್ ಕಾರುಗಳಲ್ಲಿ ಹೆಚ್ಚಿನವು ಜಪಾನಿನ ಟಕಾರ ಕಂಪನಿಯ ಡಯಾಕ್ಲೋನ್ ಎಂಬ ಬೊಂಬೆ ಸರಣಿಯ ಅಚ್ಚುಗಳಿಂದ ಬಂದವು. ನಿಮ್ಮದು ಆ ಪೈಕಿಯದಾದರೆ ಮೊಣಕಾಲು ಮಡಚದಿರುವುದನ್ನು ದೋಷವೆಂದು ಎಣಿಸಬೇಡಿ. ಕಾರಿನಿಂದ ರೋಬೋಟ್‌ಗೆ ಬದಲಿಸುವ ವಿಡಿಯೊ ಕೇಳಿ. ಮಾರುವವರು ಹಿಂದೇಟು ಹಾಕಿದರೆ ಬೇರೆ ನೋಡಿ.